‘ಸುತ್ತೋದಿಲ್ವಾ?’

ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ ಇದು. ಇಸ್ತ್ರಿ ಮೇಜಿನ ಮೇಲೆ ಮೂರೂವರೆ ಅಡಿ ಉದ್ದದ, ಮುಕ್ಕಾಲು ಅಡಿ ಅಗಲದ ಒಂದು ಹಲಗೆ, ನನ್ನ ಮಾದರಿ ರೈಲಿನದು. ಅದರ ಮೇಲೆ ಮೂರಾಗಿ ಕವಲೊಡೆದ ಹಳಿ, ಅಂಗೈಯಲ್ಲಿ ಅಡಗುವ ಒಂದು ಎಂಜಿನ್, ಎಂಟು ವ್ಯಾಗನ್‌ಗಳು. ಎಂಜಿನ್ ಒಂದು ಗೇಣು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬರುತ್ತದೆ. ನೋಡುವವರು ಮುಂದಿನದಕ್ಕಾಗಿ ಕಾಯುತ್ತಾರೆ. ಮುಂದಿನದೇನೂ ಇಲ್ಲವೆಂದು ಖಚಿತವಾದ ಮೇಲೆ, ಮಗುವಿಗೆ ಇನ್ನೂ ಮಾತು ಬಂದಿಲ್ಲವೇ ಎಂದು ವಿಚಾರಿಸುವ ದನಿಯಲ್ಲಿ, “ಸುತ್ತೋದಿಲ್ವಾ?” ಎನ್ನುತ್ತಾರೆ. ಅದರ ಬೆನ್ನಿಗೇ “ಇದಕ್ಕೆಷ್ಟು ಸುರಿದಿರಿ?” ಎಂಬುದೂ ಬರುತ್ತದೆ.

ಸುತ್ತುವುದಿಲ್ಲ. ಸುತ್ತಲೆಂದು ಮಾಡಿದ್ದೂ ಅಲ್ಲ.

1:87ರ, ಎಂದರೆ ನಿಜವಾದ ರೈಲಿನ ಎಂಬತ್ತೇಳನೆಯ ಒಂದು ಪಾಲಿನ, ಎಚ್‌ಓ ಅಳತೆಯ ರೈಲಿನ ತಿರುವಿಗೆ ಸಾಮಾನ್ಯವಾಗಿ 18 ಇಂಚಿನ ತ್ರಿಜ್ಯ ಬೇಕು; ಎಂದರೆ ಅಂಚನ್ನೂ ಸೇರಿಸಿ ನಾಲ್ಕಡಿಯ ಸಮೀಪದ ಅಗಲ. ಒಂದೇ ಮಲಗುವ ಕೋಣೆಯ ಈ ಬಾಡಿಗೆ ಮನೆಯಲ್ಲಿ ಅಷ್ಟು ಖಾಲಿ ಜಾಗವಿರುವುದು ಮಂಚದ ಮೇಲೆ, ಅದೂ ಹಗಲಿನಲ್ಲಿ ಮಾತ್ರ. 1:160ರ ಎನ್ ಅಳತೆಯಾದರೆ ಎರಡಡಿಯಲ್ಲಿ ಸುತ್ತಿಸಬಹುದು, ನಿಜ. ಆದರೆ ಸುತ್ತಿದ ಮೇಲೇನು?

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಯುಗಾದಿಗೆ ಬಂದ ಚಿಕ್ಕಪ್ಪ ಇದೇ ಪ್ರಶ್ನೆ ಕೇಳಿ, ನನ್ನ ಮೌನವನ್ನು ಬಡತನವೆಂದು ಅರ್ಥೈಸಿಕೊಂಡು, ಮುಂದಿನ ಬಾರಿ ಬರುವಾಗ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ರೈಲೊಂದನ್ನು ತಂದರು. “ತಗೋ, ಇದು ಸುತ್ತುತ್ತೆ” ಎಂದರು. ನಡುಮನೆಯಲ್ಲಿ ಜೋಡಿಸಿದೆವು. ಮೊದಲ ಸುತ್ತಿಗೆ ಚಪ್ಪಾಳೆ ಬಿತ್ತು, ಮೂರನೆಯ ಸುತ್ತಿನ ಹೊತ್ತಿಗೆ ಮಾತು ಸೈಟಿನ ಬೆಲೆಯತ್ತ ಹೊರಳಿತು, ಆರನೆಯ ಸುತ್ತಿಗೆ ಎಲ್ಲರೂ ಒಬ್ಬಟ್ಟಿನ ಎಲೆಯ ಮುಂದಿದ್ದರು. ರೈಲು ಮಾತ್ರ ಯಾರೂ ಇಲ್ಲದ ನಡುಮನೆಯಲ್ಲಿ, ಬಡಿಸಲು ಓಡಾಡುತ್ತಿದ್ದವರ ಕಾಲಿಗೆ ಸಿಕ್ಕಿ ಮಗುಚುವವರೆಗೆ ಸುತ್ತುತ್ತಲೇ ಇತ್ತು. ಅದರ ಬ್ಯಾಟರಿ ಡಬ್ಬಿ ಈಗ ನನ್ನ ಪುಟ್ಟ ನಿಲ್ದಾಣದ ದೀಪವನ್ನು ಉರಿಸುತ್ತಿದೆ. ಚಿಕ್ಕಪ್ಪನಿಗೆ ಇದನ್ನು ಹೇಳಿಲ್ಲ.

ಖರ್ಚಿನ ಮಾತೂ ಮುಗಿದುಹೋಗಲಿ. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುತ್ತಿದ್ದ ಹಳೆಯ ನ್ಯಾರೋ ಗೇಜ್ ಹಳಿಯ ಅಗಲ 762 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 8.76 ಬರುತ್ತದೆ, ಎನ್ ಅಳತೆಯ ಹಳಿಯ ಅಗಲ 9. ಕಾಲು ಮಿಲಿಮೀಟರಿನ ಅಪಚಾರವನ್ನು ಸಹಿಸಿಕೊಂಡರೆ, ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕ ಎನ್ ಎಂಜಿನ್ನೊಂದರ ಮೋಟರು, ಗಾಲಿಗಳ ಮೇಲೆ ರಟ್ಟಿನ ಮೈ ಕೂರಿಸಿ, ಆ ದಾರಿಯ ನಂದಿ ಹಾಲ್ಟ್ ನಿಲ್ದಾಣದ ರೈಲನ್ನು ಇಸ್ತ್ರಿ ಮೇಜಿಗೆ ತರಬಹುದು. ಹಣ ಕೊಟ್ಟು ಕೊಂಡದ್ದು ಆ ಎಂಜಿನ್, ವ್ಯಾಗನ್ನಿನ ಗಾಲಿಗಳು, ಒಂದಿಷ್ಟು ಹಳಿ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಎರಡು ಪಾಯಿಂಟ್‌ಗಳು, ಒಂದು ಕಂಟ್ರೋಲರ್. ನಿಲ್ದಾಣದ ಗೋಡೆಗಳು ಲಗ್ನಪತ್ರಿಕೆಗಳು. ನಮ್ಮವರು ದಪ್ಪ ಕಾಗದಕ್ಕೆ ಮಾಡುವ ವೆಚ್ಚದ ಬಗ್ಗೆ ನನಗೆ ಈಗ ತಕರಾರಿಲ್ಲ. ತಂತಿ ಕಂಬಗಳು ಊದುಬತ್ತಿಯ ಕಡ್ಡಿಗಳು. ನೆಲ, ಒಣಗಿಸಿದ ಚಹಾಪುಡಿಯ ಚರಟ. ಅದನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯಲೇಬೇಕು, ಏಕೆಂದರೆ ಒಂದು ಮಿಲಿಮೀಟರಿನ ಕಣವೂ ಅಲ್ಲಿ ಒಂಬತ್ತು ಸೆಂಟಿಮೀಟರಿನ ಕಲ್ಲಾಗಿ ಕಾಣುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ: “ಇವತ್ತು ಎಷ್ಟು ನಡೆಯಲ್ಲಿ ಮುಗಿಯಿತು?”

ಅಲನ್ ರೈಟ್ ಎಂಬ ಬ್ರಿಟಿಷ್ ಹವ್ಯಾಸಿ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ಹಳಿಯ ವಿನ್ಯಾಸವೇ ನನ್ನ ಹಲಗೆಯ ಜೀವ. ಉದ್ದದ ಹಳಿಯಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎದುರಿನ ತುದಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್‌ಗಷ್ಟೇ ಜಾಗ. ಎಂಟು ವ್ಯಾಗನ್‌ಗಳ ಹೆಸರು ಬರೆದ ಚೀಟಿಗಳನ್ನು ಕಲಸಿ ಐದನ್ನು ಎತ್ತಬೇಕು. ಎತ್ತಿದ ಕ್ರಮದಲ್ಲಿಯೇ, ಕೈಯಿಂದ ಒಂದನ್ನೂ ಎತ್ತಿಡದೆ, ಗಾಡಿ ಕಟ್ಟಬೇಕು. ಹೀಗೆ ಬರಬಹುದಾದ ಕ್ರಮಗಳು 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಸಾಲದು. ಜಾಗ ಸಾಲದೆ ಇದನ್ನು ಆರಿಸಿಕೊಂಡೆನೆಂಬುದು ಸುಳ್ಳಲ್ಲ. ಆದರೆ ಇಲ್ಲಿ ಇಕ್ಕಟ್ಟೇ ಆಟ, ಎದುರಿನ ತುದಿಯಲ್ಲಿ ಇನ್ನೊಂದೆರಡು ವ್ಯಾಗನ್‌ಗೆ ಜಾಗ ಕೊಟ್ಟರೂ ತೊಡಕು ಸಡಿಲಾಗಿ ಸಪ್ಪೆಯಾಗುತ್ತದೆ. ಎಂಜಿನ್ ಏಕೆ ಒಂದು ಗೇಣು ಹೋಗಿ ನಿಲ್ಲುತ್ತದೆಂದರೆ, ನಾನು ಯೋಚಿಸುತ್ತಿರುತ್ತೇನೆ. ಕೆಲವೊಮ್ಮೆ ಪಾಯಿಂಟಿನ ನಡುವಿನ ಪ್ಲಾಸ್ಟಿಕ್ ತುಂಡಿನ ಮೇಲೆ ವಿದ್ಯುತ್ ಸಿಗದೆಯೂ ನಿಲ್ಲುತ್ತದೆ. ಆಗಲೂ ನಾನು ಯೋಚಿಸುತ್ತಿರುವಂತೆಯೇ ಕಾಣಿಸಿಕೊಳ್ಳುತ್ತೇನೆ.

ಈಗ ಬೇಳೆಯ ವ್ಯಾಗನ್ ಮೂರನೆಯದಾಗಿ ಬರಬೇಕು, ಅದು ಒಳಗಿನ ಹಳಿಯಲ್ಲಿ ಎರಡು ಖಾಲಿ ವ್ಯಾಗನ್‌ಗಳ ಹಿಂದೆ ಸಿಕ್ಕಿಕೊಂಡಿದೆ. ಇಪ್ಪತ್ತೊಂದು ನಡೆಗಳಾಗಿವೆ. ನಾಳೆಯ ಅಂಗಿಗೆ ಇಸ್ತ್ರಿಯಾಗಬೇಕಂತೆ, ಮೇಜು ಖಾಲಿ ಮಾಡಲು ಹತ್ತು ನಿಮಿಷ ಕೊಟ್ಟಿದ್ದಾರೆ.