ಕಬ್ಬಿಣ ಇದ್ದರೂ ಕ್ವಾಸಿಕ್ರಿಸ್ಟಲ್ ಯಾಕೆ ಮ್ಯಾಗ್ನೆಟ್ ಆಗಲ್ಲ?

ಕ್ವಾಸಿಕ್ರಿಸ್ಟಲ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಎಲ್ಲ ಇರುತ್ತಲ್ಲ, ಚೆನ್ನಾಗಿ ತಣ್ಣಗೆ ಮಾಡಿದರೆ ಮ್ಯಾಗ್ನೆಟ್ ಆಗಬೇಕಲ್ವಾ?"

ಮಾಮೂಲಿ ಹರಳಿನಲ್ಲಿ ಪರಮಾಣುಗಳ ಒಂದೇ ಜೋಡಣೆ ಮತ್ತೆ ಮತ್ತೆ ಬರುತ್ತದೆ. ಕ್ವಾಸಿಕ್ರಿಸ್ಟಲ್‌ನಲ್ಲೂ ಕಟ್ಟುನಿಟ್ಟಾದ ಕ್ರಮ ಇದೆ, ಆದರೆ ಮರುಕಳಿಕೆ ಇಲ್ಲ. ವಿಜ್ಞಾನಿ ಡ್ಯಾನ್ ಶೆಖ್ಟ್‌ಮನ್ 1982ರಲ್ಲಿ ಇದನ್ನು ಕಂಡಿದ್ದು ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ. 1985ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯವರು ಅದೇ ಮಿಶ್ರಲೋಹದಲ್ಲಿ ಡೆಕಾಗನಲ್ ಎಂಬ ಇನ್ನೊಂದು ಬಗೆಯನ್ನೂ ಗುರುತಿಸಿದರು.

ಈಗ ಕಬ್ಬಿಣದ ವಿಷಯ. ಒಂದು ಪರಮಾಣು ಕಬ್ಬಿಣದ್ದು ಅಂದ ಮಾತ್ರಕ್ಕೆ ಅದಕ್ಕೆ ಕಾಂತಗುಣ ಇರಲೇಬೇಕು ಅಂತಿಲ್ಲ. ಅಲ್ಯೂಮಿನಿಯಂ-ತಾಮ್ರ-ಕಬ್ಬಿಣದ ಕ್ವಾಸಿಕ್ರಿಸ್ಟಲ್‌ನಲ್ಲಿ ಕಬ್ಬಿಣದ ಹೊರ ಎಲೆಕ್ಟ್ರಾನ್‌ಗಳು ಸುತ್ತಲಿನ ಅಲ್ಯೂಮಿನಿಯಂ ಎಲೆಕ್ಟ್ರಾನ್‌ಗಳ ಜೊತೆ ಬೆರೆತುಹೋಗುತ್ತವೆ, ಹಾಗಾಗಿ ಒಳ್ಳೆಯ ಮಾದರಿ ಮ್ಯಾಗ್ನೆಟ್‌ನಿಂದ ತುಸು ದೂರವೇ ಸರಿಯುತ್ತದೆ. ಅಲ್ಯೂಮಿನಿಯಂ-ಪಲ್ಲಾಡಿಯಂ-ಮ್ಯಾಂಗನೀಸ್‌ನಲ್ಲೂ ಅಷ್ಟೇ, ಬಹುಪಾಲು ಮ್ಯಾಂಗನೀಸ್ ಪರಮಾಣುಗಳಿಗೆ ಕಾಂತಗುಣವೇ ಇಲ್ಲ.

ನಿಜವಾದ ಆಟ ಇರುವುದು ಗ್ಯಾಡೊಲಿನಿಯಂ, ಟೆರ್ಬಿಯಂ, ಹೋಲ್ಮಿಯಂ ಥರದ ವಿರಳ ಭಸ್ಮ ಲೋಹಗಳಲ್ಲಿ. ಅವುಗಳ ಕಾಂತಗುಣ ಒಳಗಿನ ಎಲೆಕ್ಟ್ರಾನ್‌ಗಳದ್ದು, ಅಕ್ಕಪಕ್ಕದವರು ಯಾರೇ ಇರಲಿ ಕಳೆದುಹೋಗಲ್ಲ. ಆದರೂ ಸತು-ಮೆಗ್ನೀಸಿಯಂ-ಟೆರ್ಬಿಯಂ ಕ್ವಾಸಿಕ್ರಿಸ್ಟಲ್ ತಣ್ಣಗಾದಾಗ ಸ್ಪಿನ್‌ಗಳು, ಅಂದರೆ ಒಂದೊಂದು ಪರಮಾಣುವಿನ ಪುಟ್ಟ ಕಾಂತಸೂಜಿಗಳು, ಸಾಲಾಗಿ ನಿಲ್ಲುವುದಿಲ್ಲ, ಕೆಲವೇ ಕೆಲ್ವಿನ್‌ನಲ್ಲಿ (ಸೊನ್ನೆ ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ) ಒಂದೊಂದು ಒಂದೊಂದು ಕಡೆ ಮುಖ ಮಾಡಿ ಹಾಗೇ ಹೆಪ್ಪುಗಟ್ಟುತ್ತವೆ. ಇದಕ್ಕೆ ಸ್ಪಿನ್ ಗ್ಲಾಸ್ ಅಂತಾರೆ. ಪರಮಾಣುಗಳು ತ್ರಿಕೋನಗಳಲ್ಲಿ ಕೂತಿರುತ್ತವೆ. ಪಕ್ಕದವನಿಗೆ ವಿರುದ್ಧ ದಿಕ್ಕಿಗೆ ತಿರುಗಬೇಕು ಅಂದರೆ ಇಬ್ಬರಿಗೆ ಸಾಧ್ಯ, ಮೂರನೆಯವನು ಏನು ಮಾಡಬೇಕು? 1990ರ ದಶಕದಲ್ಲಿ ಇಂಥ ಮಾದರಿಗಳಲ್ಲಿ ಸ್ಪಿನ್‌ಗಳು ಸಾಲಾಗಿ ನಿಂತಿದ್ದು ಕಂಡಿತು ಎಂಬ ವರದಿ ಬಂದಿತ್ತು, ಆಮೇಲೆ ಅದು ಒಳಗೆ ಸೇರಿಕೊಂಡಿದ್ದ ಬೇರೆ ಹರಳುಗಳ ಕೆಲಸ ಅಂತ ತಿಳಿಯಿತು.

ಇದರಿಂದ "ಮರುಕಳಿಕೆ ಇಲ್ಲದ ಕಡೆ ಸ್ಪಿನ್‌ಗಳು ಸಾಲಾಗಲ್ಲ" ಎಂಬ ನಂಬಿಕೆ ಗಟ್ಟಿಯಾಯಿತು. ಇದನ್ನು ಈಗಲೂ ಹೇಳುವವರಿದ್ದಾರೆ, ದಯವಿಟ್ಟು ನಂಬಬೇಡಿ! 2021ರಲ್ಲಿ ಟೋಕಿಯೋ ಯೂನಿವರ್ಸಿಟಿ ಆಫ್ ಸೈನ್ಸ್‌ನ ರ‍್ಯೂಜಿ ತಮುರಾ ತಂಡ ಚಿನ್ನ-ಗ್ಯಾಲಿಯಂ-ಗ್ಯಾಡೊಲಿನಿಯಂ ಕ್ವಾಸಿಕ್ರಿಸ್ಟಲ್ 23 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 250 ಡಿಗ್ರಿಯಲ್ಲಿ, ನಿಜವಾದ ಫೆರೋಮ್ಯಾಗ್ನೆಟ್ (ಸ್ಪಿನ್‌ಗಳು ಒಂದೇ ಕಡೆ ವಾಲಿ ಸಾಲಾಗಿ ನಿಂತ ಮ್ಯಾಗ್ನೆಟ್) ಆಗುತ್ತದೆ ಅಂತ ತೋರಿಸಿತು. ಟೆರ್ಬಿಯಂ ಹಾಕಿದರೆ 16 ಕೆಲ್ವಿನ್. ಅವರು ಮಾಡಿದ್ದು ಎಲೆಕ್ಟ್ರಾನ್ ಲೆಕ್ಕ. ಒಂದು ಸ್ಪಿನ್‌ನ ಪ್ರಭಾವವನ್ನು ಇನ್ನೊಂದಕ್ಕೆ ಮುಟ್ಟಿಸುವುದು ಲೋಹದಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳು, ಮತ್ತು ದೂರ ಹೋದಂತೆ ಆ ಪ್ರಭಾವ ಒಮ್ಮೆ ಒಂದೇ ದಿಕ್ಕಿಗೆ, ಒಮ್ಮೆ ವಿರುದ್ಧ ದಿಕ್ಕಿಗೆ ಬದಲಾಗುತ್ತಾ ಹೋಗುತ್ತದೆ. ಪರಮಾಣುವೊಂದಕ್ಕೆ ಎಷ್ಟು ಎಲೆಕ್ಟ್ರಾನ್ ಎಂಬುದನ್ನು ಬದಲಿಸಿದರೆ ಆ ಏರಿಳಿತವೂ ಬದಲಾಗುತ್ತದೆ. ಸ್ಪಿನ್‌ಗಳು ಸಾಲಾಗಿ ನಿಲ್ಲುವಂತೆ ಅವರು ಆ ಸಂಖ್ಯೆಯನ್ನು ಹೊಂದಿಸಿದರು. ನನಗೆ ತುಂಬಾ ಇಷ್ಟವಾದ ಕೆಲಸ ಇದು. ಮುಂದೆ 2025ರಲ್ಲಿ ಚಿನ್ನ-ಇಂಡಿಯಂ-ಯುರೋಪಿಯಂನಲ್ಲಿ, ಸುಮಾರು 6.5 ಕೆಲ್ವಿನ್‌ನಲ್ಲಿ, ಆಂಟಿಫೆರೋಮ್ಯಾಗ್ನೆಟಿಸಂ (ಸ್ಪಿನ್‌ಗಳು ಕ್ರಮವಾಗಿಯೇ ನಿಂತರೂ ಎದುರುಬದುರು ಮುಖ ಮಾಡಿ ಒಂದನ್ನೊಂದು ರದ್ದು ಮಾಡುವುದು) ಕೂಡ ಸಿಕ್ಕಿತು.

ಹಾಗಾಗಿ ನನ್ನ ಉತ್ತರ: ಆಗುತ್ತದೆ, ಆದರೆ ಕಬ್ಬಿಣ ಇದೆ ಅನ್ನೋ ಕಾರಣಕ್ಕಲ್ಲ. ಯಾವ ಪರಮಾಣು, ಎಷ್ಟು ದೂರದಲ್ಲಿ, ಮಧ್ಯೆ ಎಷ್ಟು ಎಲೆಕ್ಟ್ರಾನ್ ಅಂತ ಮೊದಲು ಕೇಳಿ.