ಬೆಳಕು ಇಳಿಯುವ ಹೊತ್ತಿಗೆ ಜೌಗಿಗೆ ಹೋಗುವುದೇಕೆ?

“ಹಕ್ಕಿಗಳ ಫೋಟೊ ತೆಗೆಯಲು ಎಲ್ಲರೂ ಬೆಳಿಗ್ಗೆ ಹೊರಡುತ್ತಾರೆ, ನೀವೇಕೆ ಸಂಜೆ ಹೋಗುತ್ತೀರಿ?” ಕ್ಯಾಮೆರಾ ಹಿಡಿದವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಮುಂಜಾವಿನ ಮೇಲೆ ನನಗೆ ಮುನಿಸೇನೂ ಇಲ್ಲ. ಆದರೆ ಬೆಳಿಗ್ಗೆ ಮೇವಿಗೆಂದು ಚದುರಿಹೋಗುವ ಹಕ್ಕಿಗಳು ಸಂಜೆ ಒಂದೆಡೆ ಸೇರುತ್ತವೆ. ಎಲ್ಲಿಗೆ ಬರುತ್ತವೆಂದು ತಿಳಿದಿದ್ದರೆ ಅವುಗಳ ಬೆನ್ನು ಹತ್ತಬೇಕಿಲ್ಲ. ಮೊದಲೇ ಹೋಗಿ ಕುಳಿತರೆ ಸಾಕು.

ಬೆಳ್ಳಕ್ಕಿ, ನೀರುಕಾಗೆಗಳು ರಾತ್ರಿ ತಂಗಲು ಸಾಮಾನ್ಯವಾಗಿ ಅದದೇ ಮರಗಳಿಗೆ ಮರಳುತ್ತವೆ. ಸುತ್ತ ನೀರಿದ್ದರೆ ನೆಲದ ಬೇಟೆಗಾರರ ಕಾಟ ಕಡಿಮೆ. ಅವು ಬಂದಿಳಿಯುವಾಗಲೇ ಕಪ್ಪು ನೆತ್ತಿಯ ಇರುಳು ಬಕ ಹೊರಡುತ್ತದೆ. ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಲ್ಲಿ ಇರುವ ಹಕ್ಕಿ ಇದು. ಹಗಲೆಲ್ಲ ಎಲೆಮರೆಯಲ್ಲಿ ಕತ್ತು ಹುದುಗಿಸಿ ಕುಳಿತಿದ್ದು, ಈಗ ಒರಟು ದನಿಯಲ್ಲಿ ‘ಕ್ವಾಕ್’ ಎಂದು ಕೂಗಿ ಬೇಟೆಗೆ ಹಾರುತ್ತದೆ. ಜೊಂಡಿನೊಳಗೆ ಅಡಗಿದ್ದ ಹುಂಡುಕೋಳಿಗಳು ಕೆಸರಿನಂಚಿಗೆ ಬಂದು ನಿಲ್ಲುತ್ತವೆ. ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವ ಈ ಅರ್ಧ ಗಂಟೆ ನನಗೆ ಪ್ರಾಣ. ಅತ್ತಿತ್ತ ಅಡ್ಡಾಡುವವರಿಗೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ.

ಕೂರುವ ಜಾಗ ಆರಿಸುವಾಗ ಗಾಳಿಯನ್ನು ಗಮನಿಸಿ. ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗಿದ್ದರೆ ಅದರ ಮುಖ ನಿಮ್ಮತ್ತ ಇರುತ್ತದೆ. ಸೂರ್ಯನೂ ಬೆನ್ನ ಹಿಂದಿದ್ದರೆ ಇನ್ನೇನು ಬೇಕು, ಓರೆ ಬಿಸಿಲಿಗೆ ಹಕ್ಕಿಯ ಕಣ್ಣು ಮಿಂಚುತ್ತದೆ! ಬೆಳ್ಳಕ್ಕಿಯ ಹಿಂದೆ ಕಪ್ಪು ಮರಗಳಿದ್ದಾಗ ಮಾತ್ರ ಎಚ್ಚರ: ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿ ಬಿಳಿ ಗರಿಗಳ ವಿವರವನ್ನೇ ಅಳಿಸಿಬಿಡುತ್ತದೆ. ಎಕ್ಸ್‌ಪೋಷರನ್ನು, ಎಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಸ್ಟಾಪ್‌ನಷ್ಟು (ಅರ್ಧಕ್ಕೆ) ತಗ್ಗಿಸಿಕೊಳ್ಳಿ.

ಹಾರಾಟಕ್ಕೆ 1/1000 ಸೆಕೆಂಡಿನ ಶಟರ್ ಬೇಕು. ಸೂರ್ಯ ಮುಳುಗಿದ ಮೇಲೆ ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸುತ್ತಾ ಹೋಗುತ್ತೇನೆ. ಚಿತ್ರ ಕಾಳುಕಾಳಾದರೂ ಚಿಂತೆಯಿಲ್ಲ, ಕಣ್ಣು ಸ್ಪಷ್ಟವಿರಬೇಕು. ಅದೂ ಸಾಲದಾದಾಗ ಶಟರ್ ವೇಗವನ್ನು 1/30 ಸೆಕೆಂಡಿಗೆ ಇಳಿಸಿ, ಹಿಂಡು ಹಾರಿದತ್ತಲೇ ಕ್ಯಾಮೆರಾ ತಿರುಗಿಸುತ್ತೇನೆ. ಆಗ ರೆಕ್ಕೆಗಳು ಗೆರೆಗಳಾಗಿ ಮೂಡುತ್ತವೆ. ನನ್ನ ಮಟ್ಟಿಗೆ ಸಂಜೆಯ ನಿಜವಾದ ಚಿತ್ರಗಳು ಇವೇ.

ಫ್ಲ್ಯಾಶ್ ಮಾತ್ರ ಚೀಲದಿಂದ ಹೊರಬರಬಾರದು. ತಂಗಲು ಇಳಿದ ಹಿಂಡು ಬೆದರಿ ಎದ್ದರೆ ಕತ್ತಲಲ್ಲಿ ಮತ್ತೆ ನೆಲೆ ಹುಡುಕಬೇಕು. ಯಾವ ಫೋಟೊಗೂ ಆ ಬೆಲೆ ತೆರಬಾರದು. ಗೇಟು ಮುಚ್ಚುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಮರಳುವ ದಾರಿ ತಂಗುವ ಮರಗಳ ಕೆಳಗೆ ಹಾದುಹೋಗದಂಥ ಜಾಗದಲ್ಲೇ ಕುಳಿತುಕೊಳ್ಳಿ.