ದುರ್ಯೋಧನನ ಪಾತ್ರಕ್ಕೆ ಎಷ್ಟು ಕಟ್ಟುತ್ತೀರಿ?

ನಮ್ಮ ತುಮಕೂರು ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವಾಗ ದುಡ್ಡಿನ ಲೆಕ್ಕ ಸರಳ. ಪಾತ್ರ ಬೇಕು ಅಂದರೆ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ ಅಂದರೆ ಜಾಸ್ತಿ. ಸೈಂಧವ ಸ್ವಲ್ಪ ಅಗ್ಗ. ದ್ವಾರಪಾಲಕ ಹೆಚ್ಚುಕಮ್ಮಿ ಪುಕ್ಕಟೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಕೊಡುವುದು, ಎಲ್ಲ ಅದರಲ್ಲೇ ಆಗಬೇಕು. ನಮ್ಮ ಚಿಕ್ಕಪ್ಪ ಒಂದು ವರ್ಷ ಹಸು ಮಾರಿ ಭೀಮ ಆದರು. ಚಿಕ್ಕಮ್ಮ ಇವತ್ತಿಗೂ ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಭೀಮನನ್ನು ನೆನೆಸಿಕೊಳ್ಳುತ್ತಾರೆ.

ನಾನು ಆರು ವರ್ಷದಿಂದ ಒಂದು ಹವ್ಯಾಸಿ ರಂಗತಂಡದ ಖಜಾಂಚಿ. ನಾವು ಪಾತ್ರ ಮಾರುವುದಿಲ್ಲ. ಹಾಗಾದರೆ ದುಡ್ಡು ಎಲ್ಲಿಂದ ತರ್ತೀರಿ ಅಂತ ಬೇರೆ ತಂಡದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರಿಗೂ ಅದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದೆ. ತಾಲೀಮು 45 ದಿನ, 14 ಜನ, ಟೀ ತಲೆಗೆ 10 ರೂಪಾಯಿ. ಒಟ್ಟು 6,300. ನಾಟಕದ ದಿನದ ಹಾಲ್ ಬಾಡಿಗೆ 5,000. ಅಂದರೆ ನಮ್ಮ ಟೀ ಹಾಲ್‌ಗಿಂತ ದುಬಾರಿ! ಕಡ್ಲೆಪುರಿ ಲೆಕ್ಕ ಬೇರೆ. ಕೆಳಗೆ ಲೈಟು, ಬ್ಯಾನರು, ಶಾಲು, ಹಾರ, ಪೇಟ, ಫಲತಾಂಬೂಲ. ನಟರಿಗೆ? ಸೊನ್ನೆ. ಕೆಲಸ ಮುಗಿಸಿ ಬಂದು 14 ಜನ ಕೊಟ್ಟ 45 ಸಂಜೆ, ಒಟ್ಟು 630 ಸಂಜೆ, ಅದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ನಾವೇ ಬರೆಯದ ಸಾಲಿಗೆ ಬೇರೆಯವರು ಯಾಕೆ ದುಡ್ಡು ಕೊಡುತ್ತಾರೆ, ಅಲ್ವಾ?

ಕೊಡುವವರು ಕಣ್ಣಿಗೆ ಕಾಣುವುದಕ್ಕೆ ಕೊಡುತ್ತಾರೆ. ಬ್ಯಾನರ್ ಕಾಣುತ್ತದೆ, ಶಾಮಿಯಾನ ಕಾಣುತ್ತದೆ. ತಾಲೀಮು ಕಾಣುವುದಿಲ್ಲ.

ಮೊದಲು ಸರ್ಕಾರದ ದಾರಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ, ಅರ್ಜಿ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಬೈಲಾ, ಆಡಿಟ್ ವರದಿ, ಆಹ್ವಾನ ಪತ್ರಿಕೆ, ಫೋಟೋ, ಪೇಪರ್ ಕಟಿಂಗ್ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಿ. ನಮ್ಮ ಮೊದಲ ಅರ್ಜಿ ವಾಪಸ್ ಬಂತು. ತಪ್ಪು ನಮ್ಮದೇ. ಸಂಘದ ಹೆಸರಿನ ಮುಂದೆ ದಪ್ಪಕ್ಕೆ (ರಿ) ಅಂತ ಬರೆಸುತ್ತೇವೆ, ಆದರೆ ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ ಕೊಟ್ಟು ನವೀಕರಣ ಮಾಡಿಸಬೇಕು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಮೂರು ವರ್ಷದ ಬಾಕಿಗೆ ದಂಡ ಕಟ್ಟಿದೆವು. ಇನ್ನೊಂದು ಮಾತು, ಅನುದಾನ ಬರುತ್ತದೆ ಅಂತ ನಂಬಿ ಸಾಲ ಮಾಡಿ ನಾಟಕ ಎತ್ತಬೇಡಿ. ಬಂದರೆ ಮುಂದಿನ ನಾಟಕಕ್ಕೆ ಇರಲಿ.

ಮನುಷ್ಯರ ಸಮಯಕ್ಕೆ ದುಡ್ಡು ಕೊಡುವ ಜಾಗ ಕಡಿಮೆ, ಆದರೆ ಇವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೂ ಶಿಷ್ಯರಿಗೂ ತಿಂಗಳ ಲೆಕ್ಕದಲ್ಲಿ ನೆರವು ಇದೆ. ಸಂಘ ಸಂಸ್ಥೆಗಳು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿ ಪಡೆಯುವ ಎನ್‌ಜಿಒ ದರ್ಪಣ್ ನಂಬರ್ ಮಾಡಿಸಿಕೊಳ್ಳದೆ ಅತ್ತ ಹೋಗಬೇಡಿ. ಬೆಂಗಳೂರಿನಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1993ರಲ್ಲಿ ಶುರುವಾದದ್ದು, 1995ರಿಂದ ಅನುದಾನ ಕೊಡುತ್ತಿದೆ. ಸಂಘವೇ ಬೇಕು ಅಂತಿಲ್ಲ, ಒಬ್ಬ ಕಲಾವಿದೆಯೂ ಕೇಳಬಹುದು. ಅರ್ಜಿ ಕನ್ನಡದಲ್ಲೇ ಬರೆಯಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ದುಡ್ಡು) ಬಗ್ಗೆ ಎಲ್ಲರೂ ಕೇಳುತ್ತಾರೆ. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ ಇದೆ, ನಿಜ. ಆದರೆ ಆದಾಯ ತೆರಿಗೆಯ 12ಎ (ಸಂಘಕ್ಕೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ವಿನಾಯಿತಿ), ಸಿಎಸ್‌ಆರ್ 1 ನೋಂದಣಿ ಎಲ್ಲ ಆದ ಮೇಲೂ ನಾವು ಹೋದ ಒಂದು ಕಡೆ ಕೇಳಿದ್ದು ಒಂದೇ ಪ್ರಶ್ನೆ: ಫಲಾನುಭವಿಗಳು ಎಷ್ಟು ಜನ? ನಾಟಕಕ್ಕೆ ಪ್ರೇಕ್ಷಕರಿರುತ್ತಾರೆ ಸ್ವಾಮಿ, ಫಲಾನುಭವಿಗಳಲ್ಲ. ಇದನ್ನು ಅಲ್ಲೇ ಹೇಳಬೇಕಿತ್ತು, ಹೊಳೆದದ್ದು ಬಸ್ಸಿನಲ್ಲಿ.

ಆಮೇಲೆ ಕರಾವಳಿಯ ಯಕ್ಷಗಾನದ ಹರಕೆ ಆಟ ನೆನಪಾಯಿತು. ಕಟೀಲು, ಮಂದಾರ್ತಿ ಮೇಳಗಳ ಆಟಕ್ಕೆ ಭಕ್ತರು ವರ್ಷಗಟ್ಟಲೆ ಮೊದಲೇ ಬುಕ್ ಮಾಡಿ ಕಾಯುತ್ತಾರೆ. ಒಂದು ರಾತ್ರಿಯ ಆಟ ಒಂದು ಮನೆಯ ಲೆಕ್ಕ. ನೋಡುವವರಿಗೆ ಪುಕ್ಕಟೆ, ಕಲಾವಿದರಿಗೆ ತಿರುಗಾಟದ ಸಂಬಳ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ನಡೆಸುತ್ತಿರುವ ತಿರುಗಾಟವೂ ನಿಂತಿರುವುದು ಊರೂರಿನಲ್ಲಿ ಕರೆಸಿ, ಊಟ ವಸತಿ ನೋಡಿಕೊಳ್ಳುವ ಜನರ ಮೇಲೆ.

ನಮಗೆ ಹರಕೆ ಹೇಳಿಕೊಳ್ಳಲು ದೇವಿ ಇಲ್ಲ. ಆದರೆ ಮಾರಲು 45 ಸಂಜೆ ಇವೆ ಅಲ್ವಾ? ಹೋದ ವರ್ಷ ಅದನ್ನೇ ಮಾಡಿದೆವು. ಒಬ್ಬರಿಗೆ ದಿನಕ್ಕೆ 100 ರೂಪಾಯಿ, ಮೇಲೆ 10 ರೂಪಾಯಿ ಟೀ, 14 ಜನಕ್ಕೆ 1,540. ಒಂದು ಸಂಜೆಯ ಬೆಲೆ ಇಷ್ಟು, ಬೇಕಾದರೆ ಬಂದು ಕೂತು ತಾಲೀಮು ನೋಡಿ ಅಂತ ಚೀಟಿ ಹಂಚಿದೆವು. ರಸೀದಿ ಅಲ್ಲೇ ಹರಿದು ಕೊಟ್ಟೆವು. (80ಜಿ ಆಸೆ ತೋರಿಸಿ ಕೇಳುವ ಕಾಲ ಹೋಯಿತು, ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದು ಸಿಗುವುದಿಲ್ಲ.) ಕೆಲವರು ದುಡ್ಡಿನ ಬದಲು ವಸ್ತು ಕೊಟ್ಟರು. ರೈಸ್ ಮಿಲ್ ಯಜಮಾನರು, "ದುಡ್ಡು ಗಿಡ್ಡು ಕೇಳಬೇಡ ಕಣಪ್ಪಾ, ಅಕ್ಕಿ ಎಷ್ಟು ಬೇಕು ಹೇಳು" ಅಂದರು. ಮದುವೆ ಛತ್ರದವರು ಆಷಾಢ ಪೂರ್ತಿ ಬೀಗದಕೈ ಕೊಟ್ಟರು. ಆಷಾಢದಲ್ಲಿ ಮದುವೆ ಇಲ್ಲ, ಛತ್ರ ಸುಮ್ನೆ ಬಿದ್ದಿರುತ್ತದೆ. ನಮಗೆ ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲವೋ!

ಮೊದಲ ವರ್ಷ ಮಾರಾಟವಾದದ್ದು 19 ಸಂಜೆ ಮಾತ್ರ. ಒಬ್ಬರು ನಿವೃತ್ತ ಮೇಷ್ಟ್ರು ತೀರಿಕೊಂಡ ಹೆಂಡತಿಯ ನೆನಪಿಗೆ ಒಂದು ಸಂಜೆ ತೆಗೆದುಕೊಂಡರು. ಹೇಳಿದ ಹೊತ್ತಿಗೆ ಬಂದು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಗಂಟೆ ಸುಮ್ಮನಿದ್ದರು. ನಮ್ಮ ನಾಯಕ ನಟ "ಅಸ್ತಿನಾವತಿ" ಅಂದ ತಕ್ಷಣ ಎದ್ದು ನಿಂತರು. "ಹ, ಹ, ಹಸ್ತಿನಾವತಿ. ಹಸ್ತಿ ಅಂದರೆ ಆನೆ ಕಣಯ್ಯಾ. ಅದನ್ನ ಬಿಟ್ಟರೆ ಊರೇ ಇಲ್ಲ." ಅವತ್ತು ಒಂದೇ ದೃಶ್ಯ ಹನ್ನೊಂದು ಸಲ ಆಯಿತು.

ಈ ವರ್ಷ ಛತ್ರ ಮತ್ತೆ ಸಿಕ್ಕಿದೆ. 45ರಲ್ಲಿ 31 ಸಂಜೆ ಆಗಲೇ ಮಾರಾಟವಾಗಿವೆ. ಮೇಷ್ಟ್ರು ಈ ಸಲ ಎರಡು ತೆಗೆದುಕೊಂಡಿದ್ದಾರೆ. ಹಕಾರದ ಕೆಲಸ ಇನ್ನೂ ಬಾಕಿ ಇದೆಯಂತೆ.